ಗಿಣಿಯ ಕೊಕ್ಕಿಗೆ ಕತ್ತರಿ ಹಾಕುವ ಮುನ್ನ

ಸಾಕಿದ ಗಿಣಿಯ ಕೊಕ್ಕು ಬಾಗಿ ಗಂಟಲಿಗೆ ತಾಗುವಷ್ಟು ಬೆಳೆದಾಗ ಗೋಕಾಕ, ಮೂಡಲಗಿ, ಹುಕ್ಕೇರಿ ಕಡೆ ಮೊದಲು ಸಿಗುವ ಸಲಹೆ ಒಂದೇ: ‘ನೇಲ್ ಕಟರ್ ತಗೊಂಡು ತುದಿ ಕತ್ತರಿಸಿಬಿಡ್ರಿ, ಏನೂ ಆಗೂದಿಲ್ಲ.’ ಹೇಳುವವರಿಗೆ ಕೆಟ್ಟ ಉದ್ದೇಶವಿರುವುದಿಲ್ಲ. ಹಕ್ಕಿ ಕಾಳು ಹೆಕ್ಕಲಾರದೆ ಒದ್ದಾಡುವುದನ್ನು ನೋಡಿ ಕನಿಕರದಿಂದಲೇ ಹೇಳುತ್ತಾರೆ. ಆದರೆ ಈ ಕೆಲಸದಿಂದ ಗಿಣಿ ರಕ್ತ ಸುರಿದು ಸಾಯಬಹುದು. ಬದುಕಿ ಉಳಿದರೂ ಕೆಲವೇ ವಾರಗಳಲ್ಲಿ ಕೊಕ್ಕು ಮತ್ತೆ ಅಷ್ಟೇ ಉದ್ದ ಬೆಳೆಯುತ್ತದೆ. ಏಕೆಂದರೆ ಬೆಳೆದ ಕೊಕ್ಕು ಸಾಮಾನ್ಯವಾಗಿ ತಾನೇ ಒಂದು ರೋಗವಲ್ಲ. ಇನ್ನೆಲ್ಲೋ ಇರುವ ತೊಂದರೆಯ ಗುರುತು. ಆ ತೊಂದರೆ ಹಕ್ಕಿಯ ಪಿತ್ತಜನಕಾಂಗದಲ್ಲಿರಬಹುದು, ನಾವು ದಿನವೂ ತುಂಬಿಸುವ ಕಾಳಿನ ಬಟ್ಟಲಿನಲ್ಲಿರಬಹುದು, ನುಣುಪಾದ ಸರಳುಗಳ ಪಂಜರದಲ್ಲಿರಬಹುದು. ಅದನ್ನು ಹುಡುಕದೆ ತುದಿಯನ್ನಷ್ಟೇ ಕತ್ತರಿಸಿದರೆ ಗಿಣಿಗೆ ನೋವು ಕೊಟ್ಟಂತಾಯಿತೇ ಹೊರತು ಉಪಕಾರವಾಗಲಿಲ್ಲ.

ಕೊಕ್ಕು ಎಂದರೇನು ಎಂಬುದು ತಿಳಿದರೆ ಉಳಿದದ್ದು ಸುಲಭವಾಗಿ ಅರ್ಥವಾಗುತ್ತದೆ. ಆಕಳ ಕೊಂಬಿನ ಒಳಗೆ ಎಲುಬಿದ್ದು ಮೇಲೆ ಗಟ್ಟಿ ಕವಚ ಇರುವ ಹಾಗೆಯೇ ಗಿಣಿಯ ಕೊಕ್ಕಿನ ರಚನೆ. ಒಳಗೆ ಜೀವಂತ ಎಲುಬು, ಅದರ ಮೇಲೆ ರಕ್ತನಾಳ ಮತ್ತು ನರಗಳಿರುವ ತೆಳುವಾದ ಚರ್ಮದ ಪದರ, ಅದರ ಮೇಲೆ ಕೆರಾಟಿನ್ ಎಂಬ ಪ್ರೋಟೀನಿನ ಹೊರಕವಚ. ನಮ್ಮ ಉಗುರು, ಕೂದಲು ಆಗಿರುವುದೂ ಕೆರಾಟಿನ್‌ನಿಂದಲೇ. ಈ ಹೊರಕವಚ ಬದುಕಿರುವಷ್ಟು ದಿನ ಬೆಳೆಯುತ್ತಲೇ ಇರುತ್ತದೆ. ದೊಡ್ಡ ಜಾತಿಯ ಗಿಣಿಗಳಲ್ಲಿ ಮೇಲಿನ ಕೊಕ್ಕಿನ ಕವಚ ಬುಡದಿಂದ ತುದಿಯವರೆಗೆ ಪೂರ್ತಿ ಹೊಸದಾಗಲು ಸುಮಾರು 6 ತಿಂಗಳು ಬೇಕು. ಕೆಳಗಿನದಕ್ಕೆ 2–3 ತಿಂಗಳು ಸಾಕು. ಬೆಳೆದಷ್ಟೂ ಸವೆಯುತ್ತ ಹೋಗುವುದರಿಂದ ಆರೋಗ್ಯವಂತ ಹಕ್ಕಿಯ ಕೊಕ್ಕಿನ ಅಳತೆ ಹೆಚ್ಚು ಕಡಿಮೆ ಒಂದೇ ಆಗಿರುತ್ತದೆ.

ಈ ಸವೆತ ಹೇಗಾಗುತ್ತದೆ ಎಂಬುದನ್ನು ನೋಡಲು ಅರಭಾವಿ ಸೀಮೆಯವರು ದೂರ ಹೋಗಬೇಕಿಲ್ಲ. ಘಟಪ್ರಭೆಯ ದಂಡೆಯ ಹೊಲಗಳಲ್ಲಿ, 1974ರಲ್ಲಿ ಪಕ್ಷಿಧಾಮವೆಂದು ಘೋಷಿಸಲಾದ ಧೂಪದಾಳದ ಹಿನ್ನೀರಿನ ಸುತ್ತಲಿನ ಮರಗಳಲ್ಲಿ ಹಸಿರು ಗಿಣಿಗಳ ಹಿಂಡು ಬೆಳಗಿನಿಂದ ಸಂಜೆಯವರೆಗೆ ಕೊಕ್ಕಿಗೆ ಕೆಲಸ ಕೊಡುತ್ತಲೇ ಇರುತ್ತದೆ. ಗೋವಿನಜೋಳದ ತೆನೆಯ ಸಿಪ್ಪೆ ಹರಿಯಬೇಕು, ಕಾಯಿ ಕೊರೆಯಬೇಕು, ತೊಗಟೆ ಕೀಳಬೇಕು, ಗೂಡಿಗಾಗಿ ಪೊಟರೆಯ ಬಾಯಿ ಅಗಲ ಮಾಡಬೇಕು. ಕೊಂಬೆಯಿಂದ ಕೊಂಬೆಗೆ ಹತ್ತುವಾಗಲೂ ಕೊಕ್ಕೇ ಅದಕ್ಕೆ ಮೂರನೆಯ ಕಾಲು. ರಾತ್ರಿ ಕಣ್ಣು ಮುಚ್ಚುವ ಹೊತ್ತಿಗೆ ಮೇಲಿನ ಕೊಕ್ಕಿನ ಒಳಮೈಯಲ್ಲಿರುವ ಸಣ್ಣ ಗೀರುಗಳಿಗೆ ಕೆಳಕೊಕ್ಕನ್ನು ಕರಕರ ಉಜ್ಜುತ್ತದೆ. ಗಿಣಿ ಸಾಕಿದವರೆಲ್ಲ ಆ ಸಪ್ಪಳ ಕೇಳಿರುತ್ತಾರೆ. ಅದು ಹಲ್ಲು ಕಡಿಯುವ ಕಾಯಿಲೆಯಲ್ಲ. ನೆಮ್ಮದಿಯಾಗಿರುವ ಹಕ್ಕಿ ತನ್ನ ಕೊಕ್ಕನ್ನು ತಾನೇ ಮಸೆದುಕೊಳ್ಳುವ ರೀತಿ.

ಹಾಗಾದರೆ ಯಾವುದು ಸಹಜ, ಯಾವುದು ಅತಿ? ಹಕ್ಕಿಯನ್ನು ಪಕ್ಕದಿಂದ ನೋಡಬೇಕು. ಮೇಲಿನ ಕೊಕ್ಕು ಕೆಳಗಿನದರ ಮೇಲೆ ಬಾಗಿ ಇಳಿದಿರುವುದು ಸಹಜ. ಬಾಯಿ ಪೂರ್ತಿ ಮುಚ್ಚದಿದ್ದರೆ, ತುದಿ ಗಂಟಲ ಗರಿಗಳನ್ನು ಒತ್ತುತ್ತಿದ್ದರೆ, ಮೇಲಿನದು ಒಂದು ಕಡೆ, ಕೆಳಗಿನದು ಇನ್ನೊಂದು ಕಡೆ ವಾಲಿದ್ದರೆ, ಮೇಲ್ಮೈ ಪದರ ಪದರವಾಗಿ ದಪ್ಪಗಾಗಿದ್ದರೆ, ಬಿರುಕು ಬಿಟ್ಟಿದ್ದರೆ ಅದು ಸಹಜವಲ್ಲ. ಅಲ್ಲಲ್ಲಿ ತೆಳುವಾದ ಹೊಟ್ಟು ಏಳುವುದಕ್ಕೆ ಹೆದರಬೇಕಿಲ್ಲ. ಬಣ್ಣದ ವಿಷಯದಲ್ಲೂ ಗೊಂದಲವಿದೆ. ದಕ್ಷಿಣ ಭಾರತದ ಹಸಿರು ಗಿಣಿಗೆ ಮೇಲ್ಕೊಕ್ಕು ಕೆಂಪಾಗಿ, ಕೆಳಕೊಕ್ಕು ಕಪ್ಪಾಗಿರುವುದು ಹುಟ್ಟಿನಿಂದ ಬಂದದ್ದು. ಕೆಂಪು ಮೇಲ್ಕೊಕ್ಕಿನ ಮೇಲೆ ಹೊಸದಾಗಿ ಕಪ್ಪು ಕಲೆ ಮೂಡಿದರೆ ಮಾತ್ರ ಅನುಮಾನಿಸಬೇಕು. ಪೆಟ್ಟು ಬಿದ್ದು ಒಳಗೆ ರಕ್ತ ಹೆಪ್ಪುಗಟ್ಟಿರಬಹುದು, ಇಲ್ಲವೇ ಪಿತ್ತಜನಕಾಂಗದ ತೊಂದರೆಯಿಂದ ರಕ್ತ ಒಸರಿರಬಹುದು.

ಈ ಪಿತ್ತಜನಕಾಂಗದ ಮಾತನ್ನು ಸ್ವಲ್ಪ ಬಿಡಿಸಿ ಹೇಳಬೇಕು. ಯಾವ ಪೆಟ್ಟೂ ಬೀಳದೆ ಗಿಣಿಯ ಕೊಕ್ಕು ಒಮ್ಮೆಲೇ ಬೇಗ ಬೇಗ ಬೆಳೆಯತೊಡಗಿದರೆ ಹಕ್ಕಿಗಳ ವೈದ್ಯರ ಮನಸ್ಸಿಗೆ ಮೊದಲು ಬರುವ ಅನುಮಾನವೇ ಇದು. ಕೆರಾಟಿನ್ ಸರಿಯಾಗಿ ಕಟ್ಟಲು ಬೇಕಾದ ಪ್ರೋಟೀನಿನ ಲೆಕ್ಕಾಚಾರ ಬಹುಪಾಲು ನಡೆಯುವುದು ಅಲ್ಲಿ. ಆ ಅಂಗದಲ್ಲಿ ಕೊಬ್ಬು ತುಂಬಿಕೊಂಡು ಕೆಲಸ ಕುಂಟಿದಾಗ ಕೊಕ್ಕಿನ ಕವಚ ಮೆದುವಾಗಿ, ಪದರ ಬಿಟ್ಟು, ಅಡ್ಡಾದಿಡ್ಡಿಯಾಗಿ ಬೆಳೆಯುತ್ತದೆ. ಜೊತೆಗೆ ಕಾಲುಗುರುಗಳೂ ಉದ್ದವಾಗುವುದುಂಟು.

ಅಲ್ಲಿ ಕೊಬ್ಬು ತುಂಬುವುದು ಎಲ್ಲಿಂದ? ನಮ್ಮ ಪ್ರೀತಿಯಿಂದಲೇ ಎನ್ನಬೇಕು. ಈ ಭಾಗದ ಮನೆಗಳಲ್ಲಿ ಗಿಣಿಗೆ ಸಾಮಾನ್ಯವಾಗಿ ಹಾಕುವುದು ಶೇಂಗಾ, ಸೂರ್ಯಕಾಂತಿ, ಕುಸುಬಿ. ಮೂರೂ ಎಣ್ಣೆಕಾಳು. ಸೂರ್ಯಕಾಂತಿ ತಿರುಳಿನಲ್ಲೂ ಶೇಂಗಾದಲ್ಲೂ ಹತ್ತಿರ ಹತ್ತಿರ ಅರ್ಧದಷ್ಟು ಎಣ್ಣೆಯೇ ಇರುತ್ತದೆ. ಜೋಳದಲ್ಲಿ ನೂರಕ್ಕೆ ಮೂರು ಪಾಲಿನಷ್ಟು. ದಿನಕ್ಕೆ ಮೈಲುಗಟ್ಟಲೆ ಹಾರುವ ಹಕ್ಕಿ ಹೊಲದಲ್ಲಿ ಸೂರ್ಯಕಾಂತಿ ತಿಂದರೆ ಅದು ಅದರ ರೆಕ್ಕೆಯಲ್ಲೇ ಖರ್ಚಾಗುತ್ತದೆ. ರೆಕ್ಕೆ ಚಾಚಲೂ ಜಾಗವಿಲ್ಲದ ಪಂಜರದಲ್ಲಿ ಕುಳಿತು ತಿಂದರೆ ಪಿತ್ತಜನಕಾಂಗ ಸೇರುತ್ತದೆ. ಮೇಲಿಂದ ಮಕ್ಕಳು ಚಹಾದಲ್ಲಿ ಅದ್ದಿದ ಬಿಸ್ಕತ್ತು, ಚೂಡಾ, ಭಜಿ, ಹಬ್ಬದ ದಿನ ಒಂದು ತುಂಡು ಕರದಂಟು ಕೊಡುತ್ತಾರೆ. ಗೋಕಾಕಿನ ಕರದಂಟಿನ ಬಗ್ಗೆ ಯಾರಿಗೂ ಎರಡು ಮಾತಿಲ್ಲ, ಆದರೆ ನೂರು ಗ್ರಾಂ ಚಿಲ್ಲರೆ ತೂಗುವ ಹಕ್ಕಿಗೆ ಬೆಲ್ಲ, ಅಂಟು, ಒಣಹಣ್ಣುಗಳ ಆ ತುಂಡು ಬಹಳ ದೊಡ್ಡ ಊಟ.

ಎಣ್ಣೆಕಾಳಿನ ಊಟದಲ್ಲಿ ಇನ್ನೊಂದು ಕೊರತೆ ಇದೆ. ವಿಟಮಿನ್ ಎ ಇಲ್ಲವೆನ್ನುವಷ್ಟು ಕಡಿಮೆ, ಕ್ಯಾಲ್ಸಿಯಂ ತೀರ ಸ್ವಲ್ಪ. ಈ ಎರಡರ ಕೊರತೆ ನೇರವಾಗಿ ಚರ್ಮ ಮತ್ತು ಕೊಕ್ಕಿನ ಮೇಲೆ ಪರಿಣಾಮ ಮಾಡುತ್ತದೆ. ಹೊಟ್ಟೆ ತುಂಬಿದ, ನೋಡಲು ದುಂಡಗಿರುವ ಗಿಣಿಯೂ ಒಳಗೆ ಹಸಿದೇ ಇರುತ್ತದೆ.

ಎಲ್ಲಕ್ಕಿಂತ ಹೆಚ್ಚು ಎಚ್ಚರ ಬೇಕಾದದ್ದು ಬೂಸ್ಟಿನ ವಿಷಯದಲ್ಲಿ. ಮಳೆಗೆ ಸಿಕ್ಕ ಶೇಂಗಾ, ಸರಿಯಾಗಿ ಒಣಗದ ಗೋವಿನಜೋಳ ಮನೆಯವರ ಊಟಕ್ಕೆ ಬಾರದಿದ್ದಾಗ ‘ಗಿಣಿಗಾದರೂ ಆಗಲಿ’ ಎಂದು ಬದಿಗಿಡುವುದನ್ನು ಕಾಣುತ್ತೇವೆ. ಆ ಕಾಳಿನಲ್ಲಿ ಬೆಳೆಯುವ ಶಿಲೀಂಧ್ರ ಅಫ್ಲಾಟಾಕ್ಸಿನ್ ಎಂಬ ವಿಷ ಬಿಡುತ್ತದೆ, ಅದು ಮೊದಲು ಹಾಳುಮಾಡುವುದು ಪಿತ್ತಜನಕಾಂಗವನ್ನೇ. ಹುರಿದರೂ ಬೇಯಿಸಿದರೂ ಪೂರ್ತಿ ಹೋಗುವುದಿಲ್ಲ. ನಾವು ತಿನ್ನಲಾರದ ಕಾಳನ್ನು ಗಿಣಿಗೂ ಹಾಕಬಾರದು.

ಉಳಿದ ಕಾರಣಗಳೂ ಇವೆ. ಪಂಜರದ ಸರಳಿಗೆ ಬಡಿದೋ, ಬೆಕ್ಕಿನ ಬಾಯಿಗೆ ಸಿಕ್ಕೋ ಕೊಕ್ಕಿನ ಬುಡಕ್ಕೆ ಏಟಾದರೆ ಅಲ್ಲಿಂದ ಮುಂದೆ ಬೆಳೆಯುವ ಕವಚ ಸೊಟ್ಟಗಾಗುತ್ತದೆ. ಗೂಡಿನಿಂದ ಎಳೆಮರಿ ತಂದು ಚಮಚೆಯಲ್ಲಿ ಯಾವಾಗಲೂ ಒಂದೇ ಬದಿಯಿಂದ ಉಣಿಸಿದರೆ ಮೃದುವಾದ ಕೊಕ್ಕು ಒಂದೆಡೆ ವಾಲಿ ಕತ್ತರಿಯಂತೆ ಅಡ್ಡಹಾಯಬಹುದು. ಮರಿಯಾಗಿದ್ದಾಗಲೇ ಗುರುತಿಸಿದರೆ ವೈದ್ಯರು ಇದನ್ನು ತಿದ್ದಬಲ್ಲರು, ಬಲಿತ ಮೇಲೆ ಕಷ್ಟ. ಇಲ್ಲಿ ‘ಲವ್ ಬರ್ಡ್ಸ್’ ಎಂದು ಮಾರುವ ಪುಟ್ಟ ಬಜರಿಗಾರ್ ಹಕ್ಕಿಗಳಲ್ಲಿ ಕೊಕ್ಕಿನ ಬುಡ, ಕಣ್ಣಿನ ಸುತ್ತ, ಕಾಲಿನ ಮೇಲೆ ಸಣ್ಣ ತೂತುಗಳಿರುವ ಬೂದು ಬಣ್ಣದ ಹಕ್ಕಳೆ ಕಂಡರೆ ಅದು ಕಣ್ಣಿಗೆ ಕಾಣದ ನುಸಿಯ ಬಾಧೆ. ಇದಕ್ಕೆ ಔಷಧವಿದೆ, ವಾಸಿಯೂ ಆಗುತ್ತದೆ. ಆದರೆ ಕುರಿ, ಎಮ್ಮೆಗೆಂದು ಮನೆಯಲ್ಲಿ ತಂದಿಟ್ಟ ಐವರ್ಮೆಕ್ಟಿನ್ ಚುಚ್ಚುಮದ್ದನ್ನು ಅಂದಾಜಿನ ಮೇಲೆ ಹನಿಸುವುದು ಪ್ರಾಣಕ್ಕೇ ಅಪಾಯ. ಮೂವತ್ತು ಗ್ರಾಂ ತೂಗುವ ಹಕ್ಕಿಗೆ ಬೇಕಾದ ಪ್ರಮಾಣವನ್ನು ವೈದ್ಯರೇ ಅಳೆಯಬೇಕು. ಕೊಕ್ಕು ಕೆಡುವುದರ ಜೊತೆಗೆ ಗರಿಗಳೂ ಮುರುಟಿ ಉದುರುತ್ತಿದ್ದರೆ ವೈರಸ್ ಇರಬಹುದು. ಆಗ ಆ ಹಕ್ಕಿಯನ್ನು ಬೇರೆ ಗಿಣಿಗಳಿಂದ ಕೂಡಲೇ ದೂರ ಇಡಬೇಕು.

ಈಗ ನೇಲ್ ಕಟರ್ ವಿಷಯಕ್ಕೆ ಬರೋಣ. ಕೊಕ್ಕಿನ ತುದಿ ನಿರ್ಜೀವ ಎಂದು ಭಾವಿಸುವುದೇ ಮೊದಲ ತಪ್ಪು. ಗಿಣಿಯ ಕೊಕ್ಕಿನ ತುದಿಯ ಒಳಭಾಗದಲ್ಲಿ ಸ್ಪರ್ಶ ತಿಳಿಯುವ ನರತುದಿಗಳು ದಟ್ಟವಾಗಿವೆ. ಕಾಳು ಗಟ್ಟಿಯೋ ಜೊಳ್ಳೋ ಎಂದು ಅದು ತಿಳಿಯುವುದು ಅಲ್ಲಿಂದಲೇ. ಕವಚ ಉದ್ದವಾಗಿ ಬೆಳೆದಾಗ ಒಳಗಿನ ರಕ್ತನಾಳವೂ ಅದರ ಜೊತೆ ಮುಂದೆ ಸರಿದಿರಬಹುದು, ಎಲ್ಲಿಯವರೆಗೆ ಬಂದಿದೆ ಎಂದು ಹೊರಗಿನಿಂದ ಹೇಳಲಾಗದು. ಹಕ್ಕಿಯ ಮೈಯಲ್ಲಿರುವ ರಕ್ತ ಅದರ ತೂಕದ ಹತ್ತನೇ ಒಂದು ಪಾಲಿನಷ್ಟು. ಅಂದರೆ ನಮ್ಮ ಹಸಿರು ಗಿಣಿಯಲ್ಲಿ 12 ಮಿಲಿಲೀಟರ್ ಆಸುಪಾಸು, ಎರಡೂವರೆ ಚಹಾ ಚಮಚೆ. ಬಜರಿಗಾರ್‌ನಲ್ಲಿ 3 ಮಿಲಿಲೀಟರ್ ಮಾತ್ರ. ನಮ್ಮ ಕಣ್ಣಿಗೆ ನಾಲ್ಕು ಹನಿ ಎನಿಸುವುದು ಅದಕ್ಕೆ ದೊಡ್ಡ ನಷ್ಟ. ಕಟರ್‌ನ ಒತ್ತಡಕ್ಕೆ ಕವಚ ಸೀಳಿ, ಬಿರುಕು ಬುಡದವರೆಗೂ ಹೋಗಬಹುದು.

ಇನ್ನು ಹಿಡಿಯುವ ರೀತಿ. ಹಕ್ಕಿಗಳಿಗೆ ನಮ್ಮಂತೆ ವಪೆ ಇಲ್ಲ. ಎದೆಯ ಎಲುಬು ಹಿಂದೆ ಮುಂದೆ ಆಡಿದಾಗ ಮಾತ್ರ ಉಸಿರು ಒಳಗೆ ಹೊರಗೆ ಆಗುತ್ತದೆ. ಕಚ್ಚೀತು ಎಂಬ ಹೆದರಿಕೆಯಿಂದ ಎದೆಯನ್ನು ಬಿಗಿಯಾಗಿ ಮುಷ್ಟಿಯಲ್ಲಿ ಹಿಡಿದರೆ ಮೂಗು, ಬಾಯಿ ತೆರೆದಿದ್ದರೂ ಅದಕ್ಕೆ ಉಸಿರಾಡಲಾಗದು. ‘ಕೊಕ್ಕು ಕತ್ತರಿಸುವಾಗ ಹೆದರಿ ಸತ್ತಿತು’ ಎನ್ನುವ ಸಾವುಗಳಲ್ಲಿ ಕೆಲವು ಹೀಗೆ ಉಸಿರುಗಟ್ಟಿದವೇ ಇರಬೇಕು. ಪಿತ್ತಜನಕಾಂಗ ಕೆಟ್ಟ ಹಕ್ಕಿಯಲ್ಲಿ ರಕ್ತ ಹೆಪ್ಪುಗಟ್ಟುವುದೂ ನಿಧಾನ. ಹಾಗಾಗಿ ಯಾವ ಗಿಣಿಯ ಕೊಕ್ಕು ಹೆಚ್ಚು ಬೆಳೆದಿದೆಯೋ ಅದನ್ನೇ ಮನೆಯಲ್ಲಿ ಕತ್ತರಿಸುವುದು ಹೆಚ್ಚು ಅಪಾಯ.

ಹೇಗೋ ಕೊಕ್ಕು ಮುರಿದು ರಕ್ತ ಬರುತ್ತಿದ್ದರೆ ಮಾಡಬೇಕಾದದ್ದು ಇಷ್ಟು: ಹಕ್ಕಿಯನ್ನು ಮೆತ್ತನೆಯ ಬಟ್ಟೆಯಲ್ಲಿ ಎದೆ ಒತ್ತದಂತೆ ಸುತ್ತಿ, ಗಾಯದ ಜಾಗಕ್ಕೆ ಕಾರ್ನ್‌ಫ್ಲೋರ್ ಇಲ್ಲವೇ ಗೋದಿ ಹಿಟ್ಟು ಹಚ್ಚಿ, ಹತ್ತಿಯಿಂದ ಒಂದೆರಡು ನಿಮಿಷ ಮೆಲ್ಲಗೆ ಒತ್ತಿ ಹಿಡಿಯಬೇಕು. ಅರಿಶಿನ, ಸುಣ್ಣ, ಪೆಟ್ರೋಲು, ಫೆವಿಕ್ವಿಕ್ ಏನನ್ನೂ ಹಚ್ಚಬಾರದು, ಹಚ್ಚಿದ್ದೆಲ್ಲ ಅದರ ನಾಲಿಗೆಗೇ ಹೋಗುತ್ತದೆ. ಆಮೇಲೆ ಕತ್ತಲೆಯ, ಬೆಚ್ಚನೆಯ ಡಬ್ಬಿಯಲ್ಲಿಟ್ಟು ವೈದ್ಯರಲ್ಲಿಗೆ ಒಯ್ಯಬೇಕು.

ಯಾವ ವೈದ್ಯರು ಎಂಬ ಪ್ರಶ್ನೆ ನ್ಯಾಯವಾದದ್ದೇ. ನಮ್ಮ ದನದ ದವಾಖಾನೆಗಳು ಎಮ್ಮೆ, ಆಕಳು, ಎತ್ತು, ಕುರಿಗಳಿಗಾಗಿ ಕಟ್ಟಿದವು. ಗಿಣಿಗೆ ಅರಿವಳಿಕೆ ಕೊಡುವ ಯಂತ್ರ ಅಲ್ಲಿ ಇರಬೇಕೆಂದು ನಿರೀಕ್ಷಿಸುವುದು ಸರಿಯಲ್ಲ. ಆದರೂ ಮೊದಲು ಹೋಗಬೇಕಾದದ್ದು ಅಲ್ಲಿಗೇ. ಹಕ್ಕಿಯ ಮೈ ಮುಟ್ಟಿ ಸೊರಗಿದೆಯೋ ಕೊಬ್ಬಿದೆಯೋ ಹೇಳಲು, ನುಸಿ ಗುರುತಿಸಲು, ಬೆಳಗಾವಿಯಲ್ಲೋ ಹುಬ್ಬಳ್ಳಿಯಲ್ಲೋ ಹಕ್ಕಿಗಳನ್ನು ನೋಡುವ ಪಶುವೈದ್ಯರ ಬಳಿ ಕಳಿಸಲು ಅವರು ನೆರವಾಗಬಲ್ಲರು. ಗದಗಿನಲ್ಲಿ ಸರ್ಕಾರಿ ಪಶುವೈದ್ಯಕೀಯ ಮಹಾವಿದ್ಯಾಲಯವೂ ಇದೆ. ಅನುಭವವಿರುವ ವೈದ್ಯರು ಕೊಕ್ಕನ್ನು ಕತ್ತರಿಸುವುದಕ್ಕಿಂತ ಹೆಚ್ಚಾಗಿ ಸಣ್ಣ ವಿದ್ಯುತ್ ಅರದಿಂದ ಸ್ವಲ್ಪ ಸ್ವಲ್ಪವೇ ಉಜ್ಜುತ್ತಾರೆ, ತೀರ ಬೆಳೆದಿದ್ದರೆ ಎರಡು ಮೂರು ಸಲದಲ್ಲಿ ಮುಗಿಸುತ್ತಾರೆ. ಅದಕ್ಕೂ ಮುಖ್ಯವಾಗಿ ಎಕ್ಸ್‌ರೇ, ರಕ್ತ ಪರೀಕ್ಷೆಯಿಂದ ಕಾರಣ ಹುಡುಕುತ್ತಾರೆ. ಕೊಕ್ಕು ತಿದ್ದಿ ಕಳಿಸುವುದಷ್ಟೇ ಅಲ್ಲದೆ ‘ಏನು ತಿನ್ನಿಸುತ್ತೀರಿ?’ ಎಂದು ಕೇಳುವವರನ್ನೇ ನಂಬಬೇಕು.

ಹೋಗುವಾಗ ಕೈಯಲ್ಲಿ ಕೆಲವು ಸಂಗತಿ ಇದ್ದರೆ ಅವರ ಕೆಲಸ ಅರ್ಧ ಮುಗಿದಂತೆ. ಕೊಕ್ಕಿನ ಹಳೆಯ ಮತ್ತು ಈಗಿನ ಫೋಟೊ, ಅಡುಗೆಮನೆಯ ಡಿಜಿಟಲ್ ತಕ್ಕಡಿಯಲ್ಲಿ ತೂಗಿದ ತೂಕ, ದಿನದ ಊಟದ ವಿವರ, ಪಂಜರದ ತಳಕ್ಕೆ ಹಾಸಿದ ಬಿಳಿ ಕಾಗದದ ಮೇಲೆ ಬಿದ್ದ ಹಿಕ್ಕೆ. ಹಿಕ್ಕೆಯಲ್ಲಿ ಬಿಳಿಯಾಗಿರಬೇಕಾದ ಭಾಗ ಹಳದಿ ಅಥವಾ ಹಸಿರಾಗಿದ್ದರೆ ಅದು ಪಿತ್ತಜನಕಾಂಗದ ಕಡೆ ಬೆರಳು ಮಾಡುತ್ತದೆ. ಹಕ್ಕಿಗಳು ಕಾಯಿಲೆಯನ್ನು ಕೊನೆಯವರೆಗೂ ಮುಚ್ಚಿಡುತ್ತವೆ. ಕಾಡಿನಲ್ಲಿ ಸೊರಗಿದ್ದು ಮೊದಲು ಗಿಡುಗನ ಪಾಲಾಗುತ್ತದಲ್ಲ. ಆದ್ದರಿಂದ ತೂಕದಲ್ಲಿ ನೂರಕ್ಕೆ ಹತ್ತು ಪಾಲು ಇಳಿದರೆ, ಗಿಣಿ ಮಾತಾಡುತ್ತಿದ್ದರೂ ಕಾಯುತ್ತ ಕೂರಬಾರದು.

ಕೊಕ್ಕು ತಿದ್ದಿಸಿದ ಮೇಲಿನ ಕೆಲಸ ಮನೆಯವರದು. ಊಟ ಬದಲಿಸಬೇಕು, ಆದರೆ ಒಂದೇ ದಿನದಲ್ಲಿ ಅಲ್ಲ. ಎಣ್ಣೆಕಾಳಿಗೆ ಅಂಟಿಕೊಂಡ ಗಿಣಿ ಹೊಸದನ್ನು ಆಹಾರವೆಂದೇ ಒಪ್ಪದೆ ಉಪವಾಸ ಬೀಳುತ್ತದೆ. ಮೊದಲೇ ಕೊಬ್ಬು ತುಂಬಿದ ಪಿತ್ತಜನಕಾಂಗಕ್ಕೆ ಉಪವಾಸ ಇನ್ನಷ್ಟು ಅಪಾಯ. ಮೂರು ನಾಲ್ಕು ವಾರಗಳ ಕಾಲ ಬೆಳಗಿನ ಹಸಿವಿನ ಹೊತ್ತಿಗೆ ಹೊಸದನ್ನಿಟ್ಟು, ಸಂಜೆ ಹಳೆಯದನ್ನು ಕಡಿಮೆ ಮಾಡುತ್ತ ಬರಬೇಕು, ದಿನವೂ ತೂಗಬೇಕು. ಅಂಗಡಿಯ ದುಬಾರಿ ಗುಳಿಗೆ ಆಹಾರ ಸಿಗದಿದ್ದರೆ ಚಿಂತೆಯಿಲ್ಲ. ಜೋಳ, ನವಣೆ, ಸಜ್ಜೆ, ಮೊಳಕೆ ಬಂದ ಹೆಸರು, ನುಗ್ಗೆಸೊಪ್ಪು, ಮೆಂತ್ಯೆ, ಗಜ್ಜರಿ, ಕುಂಬಳ, ಪಪ್ಪಾಯಿ, ಪೇರಲ, ಹಸಿಮೆಣಸಿನಕಾಯಿ. ಖಾರ ಹಕ್ಕಿಗಳಿಗೆ ಉರಿಯುವುದಿಲ್ಲ, ಮಕ್ಕಳು ಬೆರಗಾಗಿ ನೋಡುವ ಈ ಸಂಗತಿ ನಿಜ. ಗಜ್ಜರಿ, ಕುಂಬಳ, ಪಪ್ಪಾಯಿ, ಸೊಪ್ಪುಗಳಿಂದಲೇ ಆ ವಿಟಮಿನ್ ಎ ಕೊರತೆ ತುಂಬುತ್ತದೆ. ಹೊಲದಿಂದ ತಂದದ್ದಾದರೆ ಔಷಧ ಹೊಡೆದಿದ್ದಾರೋ ಎಂದು ಕೇಳಿ, ಚೆನ್ನಾಗಿ ತೊಳೆದು ಕೊಡಬೇಕು. ಬೆಣ್ಣೆಹಣ್ಣು, ಚಾಕೊಲೇಟು, ಚಹಾ, ಉಪ್ಪು ಹಾಕಿದ ತಿಂಡಿ ಬೇಡ. ಬೆಣ್ಣೆಹಣ್ಣಂತೂ ಗಿಣಿಗೆ ವಿಷ.

ಎರಡನೆಯದು ಕೊಕ್ಕಿಗೆ ಕೆಲಸ. ಪ್ಲಾಸ್ಟಿಕ್ ಕೋಲು ತೆಗೆದು ಬೇವು, ಪೇರಲ ಮರದ ಒರಟು ಕೊಂಬೆಗಳನ್ನು ತೊಗಟೆಸಮೇತ ಬೇರೆ ಬೇರೆ ದಪ್ಪದಲ್ಲಿ ಕಟ್ಟಬೇಕು. ಸುಲಿದ ಕಾಳಿನ ಬದಲು ಇಡೀ ತೆನೆ ತೂಗುಹಾಕಬೇಕು. ಹಕ್ಕಿ ಅಂಗಡಿಯಲ್ಲಿ ಸಿಗುವ ಸಮುದ್ರನೊರೆಯ ಬಿಳಿ ತುಂಡು ಕೊಕ್ಕು ಉಜ್ಜಲೂ ಆಗುತ್ತದೆ, ಕ್ಯಾಲ್ಸಿಯಂ ಕೂಡ ಕೊಡುತ್ತದೆ. ಗೋಕಾಕ ಹಗುರ ಮರದ ಗೊಂಬೆಗಳಿಗೆ ಹೆಸರಾದ ಊರು. ಬಣ್ಣ ಬಳಿಯದ ಅಂಥ ಮರದ ಚೂರು ಗಿಣಿಗೆ ಅಗಿಯಲು ಬಹಳ ಒಳ್ಳೆಯದು, ಬಣ್ಣ ಹಚ್ಚಿದ ಗೊಂಬೆ ಮಾತ್ರ ಕೊಡಬಾರದು. ಹೊಸ ಪಂಜರದ ಸತುವಿನ ಲೇಪವನ್ನು ನೆಕ್ಕಿ ವಿಷವೇರಿದ ಹಕ್ಕಿಗಳೂ ಇವೆ, ತಂತಿಯನ್ನು ತಿಕ್ಕಿ ತೊಳೆದೇ ಬಳಸಬೇಕು. ಬೆಳಗಿನ ಎಳೆಬಿಸಿಲು ಬೇಕು, ಅದರಿಂದಲೇ ಕ್ಯಾಲ್ಸಿಯಂ ಮೈಗೆ ಹತ್ತುವುದು. ಆದರೆ ಪಂಜರದ ಅರ್ಧಕ್ಕೆ ನೆರಳಿರಲಿ, ನಮ್ಮ ಏಪ್ರಿಲ್ ಬಿಸಿಲಿನಲ್ಲಿ ಒಂದು ಗಂಟೆ ಮರೆತರೂ ಗಿಣಿ ಉಳಿಯದು.

ಇಷ್ಟೆಲ್ಲ ಹೇಳಿದ ಮೇಲೆ ಬಹಳ ಜನ ಮಾತಾಡಲು ಹಿಂಜರಿಯುವ ಒಂದು ವಿಷಯವನ್ನೂ ಹೇಳಲೇಬೇಕು. ಕೊರಳಲ್ಲಿ ಗುಲಾಬಿ ಉಂಗುರವಿರುವ ನಮ್ಮ ಹಸಿರು ಗಿಣಿಯನ್ನಾಗಲಿ, ಹೆಗಲ ಮೇಲೆ ಕೆಂಗಂದು ಮಚ್ಚೆಯ ದೊಡ್ಡ ಗಿಣಿಯನ್ನಾಗಲಿ ಹಿಡಿಯುವುದು, ಮಾರುವುದು, ಪಂಜರದಲ್ಲಿಡುವುದು 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಪ್ರಕಾರ ಅಪರಾಧ. 2022ರ ತಿದ್ದುಪಡಿ 2023ರ ಏಪ್ರಿಲ್ 1ರಂದು ಜಾರಿಗೆ ಬಂದ ಮೇಲೆ ಈ ಗಿಣಿಗಳು ಎರಡನೇ ಅನುಸೂಚಿಯಲ್ಲಿವೆ. ಜೈಲು, ದಂಡ ಎರಡಕ್ಕೂ ಅವಕಾಶವಿದೆ. ಬಜರಿಗಾರ್, ಕಾಕಟಿಲ್‌ನಂಥ ಹೊರದೇಶದ ಸಾಕುಹಕ್ಕಿಗಳಿಗೆ ಈ ನಿಷೇಧವಿಲ್ಲ.

ಕಾನೂನು ಸರಿಯಾಗಿದೆ ಎಂಬುದರಲ್ಲಿ ನನಗೆ ಸಂಶಯವಿಲ್ಲ. ಬೆಳೆದ ಕೊಕ್ಕು ತೋರಿಸುವುದೂ ಅದನ್ನೇ: ಹಾರಲು, ಅಗಿಯಲು, ಪೊಟರೆ ಕೊರೆಯಲು ಹುಟ್ಟಿದ ಹಕ್ಕಿಯಿಂದ ಆ ಕೆಲಸಗಳನ್ನು ಕಿತ್ತುಕೊಂಡರೆ ಅದರ ಮೈಯೇ ಲೆಕ್ಕ ತಪ್ಪುತ್ತದೆ. ಆದರೆ ಕಾನೂನಿನ ಹೆದರಿಕೆ ಒಂದು ಕಡೆ ಉಲ್ಟಾ ಕೆಲಸ ಮಾಡುತ್ತಿದೆ. ವರ್ಷಗಟ್ಟಲೆ ಮನೆಯಲ್ಲಿರುವ ಗಿಣಿಯ ಕೊಕ್ಕು ಬೆಳೆದಾಗ ದವಾಖಾನೆಗೆ ಒಯ್ದರೆ ಕೇಸಾದೀತು ಎಂದು ಅಂಜಿ ಜನ ನೇಲ್ ಕಟರ್ ಹಿಡಿಯುತ್ತಾರೆ. ಇಲ್ಲವೇ ಒಂದು ಬೆಳಿಗ್ಗೆ ಬಾಗಿಲು ತೆಗೆದು ಹಾರಿಬಿಡುತ್ತಾರೆ. ಮರಿಯಿಂದ ಪಂಜರದಲ್ಲೇ ಬೆಳೆದ, ಸೊಟ್ಟ ಕೊಕ್ಕಿನ ಗಿಣಿಗೆ ತೆನೆ ಬಿಡಿಸಲು ಬರುವುದಿಲ್ಲ, ಗಿಡುಗ ಕಂಡರೆ ಅಡಗಲು ತಿಳಿಯದು. ಕಾಯಿಲೆ ಇದ್ದರೆ ಅದನ್ನು ಕಾಡುಹಿಂಡಿಗೂ ಹಂಚುತ್ತದೆ. ಹೀಗೆ ಬಿಡುವುದಕ್ಕಿಂತ ಅರಣ್ಯ ಇಲಾಖೆಯ ವಲಯ ಕಚೇರಿಗೆ ಅಥವಾ 1926 ಸಹಾಯವಾಣಿಗೆ ತಿಳಿಸಿ ಒಪ್ಪಿಸುವುದೇ ಸರಿಯಾದ ದಾರಿ.

ಆ ದಾರಿ ಸಲೀಸಾಗಬೇಕಾದರೆ ಇಲಾಖೆಗಳೂ ಒಂದು ಹೆಜ್ಜೆ ಮುಂದೆ ಬರಬೇಕು. ಅರಣ್ಯ ಇಲಾಖೆ ಮತ್ತು ಪಶುಪಾಲನಾ ಇಲಾಖೆ ಸೇರಿ ತಾಲೂಕಿಗೊಂದು ದಿನ ಗೊತ್ತುಮಾಡಿ, ಸ್ವಯಂಪ್ರೇರಣೆಯಿಂದ ಗಿಣಿ ತಂದವರನ್ನು ಬೆದರಿಸದೆ, ಹಕ್ಕಿಯನ್ನು ಪರೀಕ್ಷಿಸಿ, ಹಾರಬಲ್ಲದ್ದನ್ನು ತರಬೇತಿಯ ನಂತರ ಬಿಡಲು, ಬಾರದ್ದನ್ನು ಆಶ್ರಯದಲ್ಲಿಡಲು ಏರ್ಪಾಡು ಮಾಡಬಹುದು. ಅರಭಾವಿಯ ಕಿತ್ತೂರು ರಾಣಿ ಚನ್ನಮ್ಮ ತೋಟಗಾರಿಕೆ ಮಹಾವಿದ್ಯಾಲಯಕ್ಕೆ ರೈತರು ಬಂದು ಹೋಗುತ್ತಿರುತ್ತಾರೆ. ಪೇರಲ ತೋಟಕ್ಕೆ ಗಿಣಿ ಬೀಳದಂತೆ ಬಲೆ ಕಟ್ಟುವ ಬಗ್ಗೆ ಮಾತಾಡುವಾಗಲೇ, ಬಲೆಗೆ ಸಿಕ್ಕ ಗಿಣಿಯನ್ನು ಪಂಜರಕ್ಕೆ ಹಾಕಬಾರದು, ಬಿಡಿಸಿ ಬಿಡಬೇಕು ಎಂದೂ ಅಲ್ಲಿ ಹೇಳಬಹುದು. ಚಳಿಗಾಲ ಮುಗಿಯುವ ಹೊತ್ತಿಗೆ ಪೊಟರೆಗಳಲ್ಲಿ ಮರಿಗಳಾಗುತ್ತವೆ, ಮರ ಹತ್ತಿ ಅವನ್ನು ತೆಗೆಯುವವರು ಹೊರಡುವುದೂ ಆಗಲೇ. ಈ ತಿಳಿವಳಿಕೆಯ ಕೆಲಸ ಅದಕ್ಕಿಂತ ಮೊದಲೇ, ಡಿಸೆಂಬರ್‌ನಲ್ಲೇ ಶುರುವಾಗಬೇಕು.